ಮಕ್ಕಳ ಹಲ್ಲಿಗೆ ಪ್ರೈವೇಟ್‌ನಲ್ಲಿ ದುಡ್ಡು ಕೊಡಬೇಕಾ? ಹಾಸನದ ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಟೀಚರ್. ಒಂದರಿಂದ ಮೂರನೇ ತರಗತಿಯ ಮಕ್ಕಳು ನನ್ನ ಕಣ್ಣೆದುರೇ ಹಲ್ಲು ಬೀಳಿಸಿಕೊಳ್ಳುತ್ತಾರೆ, ಹೊಸ ಹಲ್ಲು ತೋರಿಸಿ ಕುಣಿಯುತ್ತಾರೆ. ಕೆಲವರು ಕೆನ್ನೆ ಹಿಡಿದುಕೊಂಡು ಮೂಲೆಯಲ್ಲಿ ಮಲಗುತ್ತಾರೆ. ನಾನು ದಂತ ವೈದ್ಯೆ ಅಲ್ಲ. ಆದರೆ ನನ್ನ ಇಬ್ಬರು ಮಕ್ಕಳ ಹಲ್ಲಿಗಾಗಿ ಸರ್ಕಾರಿ ಆಸ್ಪತ್ರೆ, ಡೆಂಟಲ್ ಕಾಲೇಜು, ಪ್ರೈವೇಟ್ ಕ್ಲಿನಿಕ್ ಮೂರೂ ಕಡೆ ಗಂಟೆಗಟ್ಟಲೆ ಕೂತಿದ್ದೇನೆ. ಹೋದಲ್ಲೆಲ್ಲ ಡಾಕ್ಟರನ್ನು ಕೇಳಿ ಬರೆದುಕೊಂಡಿದ್ದೇನೆ.

ಪೋಷಕರ ಸಭೆಯಲ್ಲಿ, ಶಾಲೆ ಗೇಟಿನ ಹತ್ತಿರ, ರಾತ್ರಿ ವಾಟ್ಸಾಪ್‌ನಲ್ಲಿ, ಮಗುವಿನ ಪುಸ್ತಕದೊಳಗೆ ಮಡಚಿಟ್ಟ ಚೀಟಿಯಲ್ಲಿ ಬಂದ ಪ್ರಶ್ನೆಗಳು ಇವು. ಕೇಳಿದವರ ಮಾತಲ್ಲೇ ಇಟ್ಟಿದ್ದೇನೆ.

## ಶುರುವಿನ ಪ್ರಶ್ನೆಗಳು

"ಹಾಲುಹಲ್ಲು ಹೆಂಗಿದ್ರೂ ಬಿದ್ದೋಗುತ್ತೆ ಅಲ್ವಾ ಮಿಸ್? ಅದಕ್ಯಾಕೆ ದುಡ್ಡು ಸುರೀಬೇಕು?"

ಎಲ್ಲರಿಗಿಂತ ಮೊದಲು ಬರುವ ಪ್ರಶ್ನೆ ಇದು. ನಾನೂ ಒಂದು ಕಾಲಕ್ಕೆ ಹೀಗೇ ಅಂದುಕೊಂಡಿದ್ದೆ.

ಹಾಲುಹಲ್ಲು ಒಟ್ಟು 20. ಎಲ್ಲವೂ ಒಟ್ಟಿಗೆ ಬೀಳುವುದಿಲ್ಲ. ಮುಂದಿನ ಹಲ್ಲುಗಳು 6ರಿಂದ 8 ವರ್ಷದೊಳಗೆ ಬೀಳುತ್ತವೆ. ಆದರೆ ಹಿಂದಿನ ಹಾಲು ದವಡೆಹಲ್ಲುಗಳು 10ರಿಂದ 12 ವರ್ಷದವರೆಗೂ ಬಾಯಲ್ಲಿರಬೇಕು. ನಾಲ್ಕು ವರ್ಷದ ಮಗುವಿನ ದವಡೆಹಲ್ಲು ಹುಳುಕಾದರೆ, ಅದೇ ಹಲ್ಲಲ್ಲಿ ಇನ್ನೂ ಆರೇಳು ವರ್ಷ ಆ ಮಗು ಮುದ್ದೆ, ರೊಟ್ಟಿ, ಚಪಾತಿ ತಿನ್ನಬೇಕು. ಜೊತೆಗೆ, ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಜಾಗ ಹಿಡಿದಿಡುವುದೂ ಅದೇ. ಬೇರಿನಲ್ಲಿ ಕೀವಾದರೆ ಕೆಳಗಿನ ಹಲ್ಲಿಗೂ ಪೆಟ್ಟು ಬೀಳಬಹುದು.

ಹಾಗಾಗಿ ನೀವು ಮೊದಲು ಕೇಳಬೇಕಾದ್ದು ಇಷ್ಟೇ: ಇದು ಯಾವ ಹಲ್ಲು, ಇನ್ನೆಷ್ಟು ವರ್ಷ ಇರಬೇಕು? ಅಲ್ಲಾಡುತ್ತಿರುವ ಮುಂದಿನ ಹಲ್ಲಿಗೆ ಸಾವಿರಗಟ್ಟಲೆ ಖರ್ಚು ಮಾಡುವುದು ಬೇಡ. ಐದು ವರ್ಷದ ಮಗುವಿನ ದವಡೆಹಲ್ಲಿನ ವಿಷಯದಲ್ಲಿ "ಬಿದ್ದೋಗುತ್ತೆ ಬಿಡಿ" ಅನ್ನುವುದೂ ಬೇಡ.

"ಆರು ವರ್ಷಕ್ಕೆ ಹಿಂದೆ ಒಂದು ದೊಡ್ಡ ಹಲ್ಲು ಬಂದಿದೆ, ಅದೂ ಹಾಲುಹಲ್ಲೇ ತಾನೇ?"

ಅಲ್ಲ! ದಯವಿಟ್ಟು ಇದೊಂದನ್ನು ಮನಸ್ಸಲ್ಲಿಡಿ. ಸುಮಾರು 6 ವರ್ಷಕ್ಕೆ, ಹಾಲುಹಲ್ಲುಗಳ ಸಾಲಿನ ಕೊನೆಯಲ್ಲಿ, ಮೇಲೆ ಎರಡು ಕೆಳಗೆ ಎರಡು ಶಾಶ್ವತ ದವಡೆಹಲ್ಲು ಹುಟ್ಟುತ್ತವೆ. ಅವು ಬರುವುದಕ್ಕೆ ಯಾವ ಹಲ್ಲೂ ಬೀಳುವುದಿಲ್ಲ. ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಮೇಲ್ಭಾಗದಲ್ಲಿ ಆಳವಾದ ಗೆರೆಗಳಿರುತ್ತವೆ, ಬಿಸ್ಕತ್ತಿನ ಹಿಟ್ಟು ಅಲ್ಲೇ ಕೂರುತ್ತದೆ. ಎರಡನೇ ತರಗತಿಯಲ್ಲೇ ಈ ಹಲ್ಲು ಕಪ್ಪಗಾಗಿರುವ ಮಕ್ಕಳನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಅದು ಹೋದರೆ ಅದರ ಜಾಗಕ್ಕೆ ಇನ್ನೊಂದು ಹುಟ್ಟುವುದಿಲ್ಲ. ಆ ಗೆರೆಗಳನ್ನು ಮುಚ್ಚುವ ಒಂದು ಲೇಪ ಇದೆ, ಸೀಲೆಂಟ್ ಅನ್ನುತ್ತಾರೆ. ಕೊರೆಯುವುದಿಲ್ಲ, ನೋವಿಲ್ಲ.

"ನೋವೇ ಇಲ್ಲ ಅಂತಾಳೆ. ಸುಮ್ನೆ ಯಾಕೆ ಡಾಕ್ಟ್ರ ಹತ್ರ ಹೋಗೋದು?"

ನೋವು ಬಂತು ಅಂದರೆ ಹುಳುಕು ನರದ ಹತ್ತಿರ ಹೋಗಿದೆ ಅಂತ. ಆಗ ಫಿಲ್ಲಿಂಗ್‌ನಲ್ಲಿ ಮುಗಿಯುವ ಕೆಲಸ ನರದ ಚಿಕಿತ್ಸೆ, ಕ್ಯಾಪ್ ಅಂತ ಬೆಳೆಯುತ್ತದೆ. ಹಾಲುಹಲ್ಲಿನ ಮೇಲಿನ ಗಟ್ಟಿ ಪದರ ದೊಡ್ಡವರ ಹಲ್ಲಿನ ಅರ್ಧದಷ್ಟೇ ದಪ್ಪ. ಹುಳುಕು ಬೇಗ ಒಳಗೆ ಇಳಿಯುತ್ತದೆ.

ಮಕ್ಕಳಿಗೆ ನೋವು ಹೇಳಲೂ ಬರುವುದಿಲ್ಲ. ಒಂದೇ ಕಡೆ ಅಗಿಯುವುದು, ಊಟ ಬಾಯಲ್ಲೇ ಇಟ್ಟುಕೊಂಡು ಕೂರುವುದು, ತಣ್ಣೀರು ಬೇಡ ಅನ್ನುವುದು, ರಾತ್ರಿ ಎದ್ದು ಅಳುವುದು, ಇವನ್ನು ಗಮನಿಸಿ. ನನ್ನ ತರಗತಿಯಲ್ಲಿ ಬಿಸಿಯೂಟ ತಿನ್ನಲು ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದ ಹುಡುಗನೊಬ್ಬನನ್ನು ಎಲ್ಲರೂ ಸೋಮಾರಿ ಅನ್ನುತ್ತಿದ್ದರು. ಬಾಯಿ ತೆರೆಸಿದರೆ ಕೆಳಗಿನ ಎರಡೂ ಕಡೆ ದವಡೆಹಲ್ಲು ತೂತು.

"ಎಷ್ಟನೇ ವಯಸ್ಸಿಗೆ ಮೊದಲ ಸಲ ತೋರಿಸಬೇಕು?"

ಮೊದಲ ಹುಟ್ಟುಹಬ್ಬದ ಹೊತ್ತಿಗೆ. ಆಗ ತಪ್ಪಿದ್ದರೆ ಈಗ.

"ಊರಿಗೆ ಹಲ್ಲಿನ ಹುಳ ತೆಗೆಯೋರು ಬಂದಿದ್ದಾರೆ. ಕಡಿಮೆಗೆ ಆಗುತ್ತೆ, ತೋರಿಸಲಾ?"

ಬೇಡ. ಹಲ್ಲಿನಲ್ಲಿ ಹುಳ ಇರುವುದಿಲ್ಲ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಹುಳಿ ಬಿಡುತ್ತವೆ, ಆ ಹುಳಿ ಹಲ್ಲನ್ನು ಕರಗಿಸುತ್ತದೆ. ಹೊಗೆ ಹಾಕಿ ಅವರು ತೋರಿಸುವ ಬಿಳಿ ಎಳೆಗಳು ಮಗುವಿನ ಬಾಯಿಂದ ಬಂದವಲ್ಲ. ಲವಂಗದ ಎಣ್ಣೆಯನ್ನೂ ಪುಟ್ಟ ಮಕ್ಕಳ ಬಾಯಿಗೆ ಸುರಿಯಬೇಡಿ, ಒಸಡು ಸುಡುತ್ತದೆ.

## ಎಲ್ಲಿಗೆ ಹೋಗೋದು?

"ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳ ಹಲ್ಲಿಗೆ ಏನೇನು ಆಗುತ್ತೆ?"

ಮೊದಲು ಶಾಲೆಯಿಂದಲೇ ಶುರು ಮಾಡಿ. 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ) ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಹಲ್ಲನ್ನೂ ನೋಡುತ್ತಾರೆ. ತೊಂದರೆ ಇದ್ದರೆ ಚೀಟಿ ಬರೆದು ಆಸ್ಪತ್ರೆಗೆ ಕಳಿಸುತ್ತಾರೆ. ಆ ಚೀಟಿ ಎಷ್ಟೋ ಮನೆಗಳಲ್ಲಿ ಬ್ಯಾಗಿನ ತಳದಲ್ಲೇ ಉಳಿದುಬಿಡುತ್ತದೆ. ಹುಡುಕಿ ನೋಡಿ.

ತಾಲ್ಲೂಕು ಆಸ್ಪತ್ರೆಯಲ್ಲಿ ದಂತ ವೈದ್ಯರಿರುತ್ತಾರೆ. ಹಾಸನದಲ್ಲಿ ಹಿಮ್ಸ್, ಅಂದರೆ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ತಪಾಸಣೆ, ಕೀಳುವುದು, ಕೀವು ಊತಕ್ಕೆ ಔಷಧಿ, ಚಿಕ್ಕ ಫಿಲ್ಲಿಂಗ್ ಇವಕ್ಕೆ ಮೊದಲು ಅಲ್ಲಿಗೇ ಹೋಗಿ. ಮಗುವಿನ ನರದ ಚಿಕಿತ್ಸೆ, ಸ್ಟೀಲ್ ಕ್ಯಾಪ್‌ನಂಥ ಕೆಲಸಕ್ಕೆ ಬೇಕಾದ ಸಾಮಾನು, ಸಮಯ ಎಲ್ಲ ಕಡೆ ಇರುವುದಿಲ್ಲ. ಹೋಗುವ ಮುಂಚೆ ಹಲ್ಲಿನ ಡಾಕ್ಟರು ಯಾವ ದಿನ ಇರುತ್ತಾರೆ ಅಂತ ವಿಚಾರಿಸಿಕೊಂಡರೆ ಒಂದು ದಿನದ ಕೂಲಿ ಉಳಿಯುತ್ತದೆ.

"ಡೆಂಟಲ್ ಕಾಲೇಜಲ್ಲಿ ಕಲಿಯೋ ಹುಡುಗರು ಮಾಡ್ತಾರಂತೆ. ನಮ್ಮ ಮಗು ಮೇಲೆ ಪ್ರಯೋಗ ಆಗಲ್ವಾ?"

ಈ ಭಯ ನನಗೂ ಇತ್ತು. ಹಾಸನದ ವಿದ್ಯಾನಗರದಲ್ಲಿ ಶ್ರೀ ಹಾಸನಾಂಬ ದಂತ ವೈದ್ಯಕೀಯ ಕಾಲೇಜು ಇರುವುದು ನಮ್ಮ ಜಿಲ್ಲೆಯವರ ಭಾಗ್ಯ ಅಂತ ಈಗ ಅನ್ನಿಸುತ್ತದೆ. ಎಲ್ಲ ದಂತ ಕಾಲೇಜುಗಳಲ್ಲೂ ವಿದ್ಯಾರ್ಥಿಗಳು ಕೆಲಸ ಮಾಡುವುದು ಹಿರಿಯ ಡಾಕ್ಟರ ಕಣ್ಣಳತೆಯಲ್ಲಿ. ಒಂದೊಂದು ಹಂತಕ್ಕೂ ಅವರು ಬಂದು ನೋಡಿ ಸೈ ಅನ್ನಬೇಕು. ಹಾಗಾಗಿ ಕೆಲಸ ನಿಧಾನ. ಕ್ಲಿನಿಕ್‌ನಲ್ಲಿ ಅರ್ಧ ಗಂಟೆಯ ಫಿಲ್ಲಿಂಗ್ ಇಂಥ ಕಡೆ ಒಂದೂವರೆ ಗಂಟೆ ಆಗಬಹುದು. ಖರ್ಚು ಮಾತ್ರ ಕ್ಲಿನಿಕ್‌ಗಿಂತ ತುಂಬಾ ಕಡಿಮೆ.

ಅಲ್ಲಿ ಹೋದಾಗ ಮಕ್ಕಳ ಹಲ್ಲಿನ ವಿಭಾಗಕ್ಕೇ ಚೀಟಿ ಮಾಡಿಸಿ ಅಂತ ಕೇಳಿ. ಬೆಳಿಗ್ಗೆ ಬೇಗ ಹೋಗಿ, ಮಗುವಿಗೆ ತಿಂಡಿ ತಿನ್ನಿಸಿಕೊಂಡು ಹೋಗಿ. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಮಾತ್ರ ಹಳ್ಳಿಯಿಂದ ಬರುವ ಸಾಹಸ ಬೇಡ, ಊರಿಡೀ ಜನ.

"ಹಂಗಾದ್ರೆ ಪ್ರೈವೇಟ್‌ಗೆ ದುಡ್ಡು ಕೊಡೋದು ಯಾವಾಗ?"

ನನ್ನ ಅನುಭವದಲ್ಲಿ ನಾಲ್ಕು ಸಂದರ್ಭಗಳಲ್ಲಿ ಕೊಟ್ಟ ದುಡ್ಡು ದಂಡ ಅಲ್ಲ.

ಒಂದು, ಮಗು ತುಂಬಾ ಚಿಕ್ಕದು ಅಥವಾ ತುಂಬಾ ಹೆದರುತ್ತದೆ. ಮೂರು ವರ್ಷದ ಮಗು ಒಂದೂವರೆ ಗಂಟೆ ಬಾಯಿ ತೆರೆದು ಕೂರುವುದಿಲ್ಲ. ಮಕ್ಕಳ ದಂತ ತಜ್ಞರು ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಸಿದರೆ, ಆ ಮಗುವಿಗೆ ಜೀವನಪೂರ್ತಿ ಹಲ್ಲಿನ ಡಾಕ್ಟರ ಭಯ ಉಳಿಯುವುದಿಲ್ಲ. ಅದಕ್ಕೆ ಬೆಲೆ ಇದೆ.

ಎರಡು, ಉಳಿಸಲೇಬೇಕಾದ ದವಡೆಹಲ್ಲು, ಸರ್ಕಾರಿ ಆಸ್ಪತ್ರೆಯಲ್ಲಿ ಆಗುವುದಿಲ್ಲ ಅಂದಿದ್ದಾರೆ, ಕಾಲೇಜಿನಲ್ಲಿ ಕೊಟ್ಟ ದಿನ ದೂರ ಇದೆ, ಮಗು ನೋವಲ್ಲಿದೆ. ಕಾಯಬೇಡಿ.

ಮೂರು, ಓಡಾಟದ ಲೆಕ್ಕ. ಸಕಲೇಶಪುರದ ಆಚೆಯ ತೋಟದಲ್ಲಿ ಕೆಲಸ ಮಾಡುವ ತಾಯಿಯೊಬ್ಬರು ನನ್ನ ಜೊತೆ ಕೂತು ಲೆಕ್ಕ ಹಾಕಿದರು. ಶಕ್ತಿ ಯೋಜನೆಯಿಂದ ಅವರಿಗೆ ಬಸ್ ಚಾರ್ಜು ಇಲ್ಲ, ಆದರೆ ಹಾಸನಕ್ಕೆ ಒಂದು ಸಲ ಬಂದರೆ ಒಂದು ದಿನದ ಕೂಲಿ ಹೋಯಿತು. ಐದು ಸಲ ಬರುವ ಬದಲು ಹತ್ತಿರದ ಕ್ಲಿನಿಕ್‌ನಲ್ಲಿ ಎರಡು ಸಲದಲ್ಲಿ ಮುಗಿಯುವುದಾದರೆ, ಒಟ್ಟು ಖರ್ಚಿನಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ಅವರು ಕ್ಲಿನಿಕ್‌ಗೇ ಹೋದರು. ಸರಿಯಾದ ನಿರ್ಧಾರ. ಹಾಸನ ಪೇಟೆಯೊಳಗೇ ಇರುವವರಿಗೆ ಇದೇ ಲೆಕ್ಕ ತಿರುಗುತ್ತದೆ, ಅವರಿಗೆ ಕಾಲೇಜೇ ಲಾಭ.

ನಾಲ್ಕನೆಯದು, ಆರು ವರ್ಷಕ್ಕೆ ಬರುವ ಆ ಶಾಶ್ವತ ದವಡೆಹಲ್ಲಿಗೆ ಹುಳುಕು ಹಿಡಿದಿದೆ. ಬೇರೆಲ್ಲೂ ಆಗದಿದ್ದರೆ ಸಾಲ ಮಾಡದಿದ್ದರೂ ಚೀಟಿ ದುಡ್ಡಿನಲ್ಲಾದರೂ ಮಾಡಿಸಿ.

ಇವು ಬಿಟ್ಟು, ಬರೀ ತಪಾಸಣೆಗೆ, ಹಾಲುಹಲ್ಲು ಬಿಳಿ ಮಾಡಿಸುವುದಕ್ಕೆ, ಬೀಳುವ ವಯಸ್ಸಿಗೆ ಬಂದ ಹಲ್ಲಿಗೆ ನೋಡಲು ಚೆಂದದ ಕ್ಯಾಪ್ ಹಾಕಿಸುವುದಕ್ಕೆ ನಾನಂತೂ ಕೊಡುವುದಿಲ್ಲ.

"ಬಿಪಿಎಲ್ ಕಾರ್ಡ್ ಇದೆ. ಯಾವುದಾದ್ರೂ ಯೋಜನೆಯಲ್ಲಿ ಕ್ಲಿನಿಕ್‌ನಲ್ಲೂ ಫ್ರೀ ಆಗುತ್ತಾ?"

ಅದನ್ನು ನಂಬಿಕೊಂಡು ಕೂರಬೇಡಿ. ದಂತ ಭಾಗ್ಯ ಅಂತ ಕೇಳಿರುತ್ತೀರಿ, ಅದು ವಯಸ್ಸಾದವರಿಗೆ ಕಟ್ಟುವ ಹಲ್ಲು ಸೆಟ್ಟಿನ ಯೋಜನೆ. ಪ್ರೈವೇಟ್ ಆರೋಗ್ಯ ವಿಮೆಗಳಲ್ಲಿ ಹೆಚ್ಚಿನವು ಅಪಘಾತ ಬಿಟ್ಟು ಹಲ್ಲಿನ ಮಾಮೂಲಿ ಚಿಕಿತ್ಸೆಗೆ ಕೊಡುವುದಿಲ್ಲ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವವರು ನಿಮ್ಮ ಇಎಸ್ಐ ಕಾರ್ಡ್ ಮರೆಯಬೇಡಿ, ಮಕ್ಕಳ ಹಲ್ಲಿಗೂ ಅಲ್ಲಿ ತೋರಿಸಬಹುದು.

## ದುಡ್ಡಿನ ಮಾತು

"ನಿಮ್ಮ ಮಕ್ಕಳಿಗೆ ಎಷ್ಟು ಖರ್ಚಾಯ್ತು? ನಿಜ ಹೇಳಿ ಮಿಸ್"

ಹೇಳುತ್ತೇನೆ. ಮಗನಿಗೆ ಐದು ವರ್ಷ ಇದ್ದಾಗ ಒಂದು ರಾತ್ರಿ ಹಲ್ಲುನೋವು ಅಂತ ಅತ್ತ. ಬೆಳಿಗ್ಗೆ ಗಾಬರಿಯಲ್ಲಿ ಹತ್ತಿರದ ಒಂದು ಕ್ಲಿನಿಕ್‌ಗೆ ಓಡಿದೆವು. ಆರು ಹಲ್ಲಿಗೆ ಕ್ಯಾಪ್ ಬೇಕು, 28,000 ರೂಪಾಯಿ, ಇವತ್ತೇ ಅಡ್ವಾನ್ಸ್ ಕಟ್ಟಿ ಅಂದರು. ಎಕ್ಸ್‌-ರೇ ತೆಗೆದಿರಲಿಲ್ಲ. ಯಾವ ಹಲ್ಲಿಗೆ ಏನು ಅಂತ ಕೇಳಿದರೆ "ಎಲ್ಲಾ ಹೋಗಿದೆ" ಅಷ್ಟೇ ಉತ್ತರ. ಮನೆಯವರು ಎಟಿಎಂಗೆ ಹೊರಟಿದ್ದರು, ನಾನೇ ಕೈಹಿಡಿದು ನಿಲ್ಲಿಸಿದೆ.

ಮರುದಿನ ಕಾಲೇಜಿನಲ್ಲಿ ಎಕ್ಸ್‌-ರೇ ತೆಗೆಸಿದೆವು. ನರದವರೆಗೆ ಹೋಗಿದ್ದು ಎರಡು ಹಲ್ಲು. ಮೂರಕ್ಕೆ ಫಿಲ್ಲಿಂಗ್ ಸಾಕು. ಒಂದರಲ್ಲಿ ಬರೀ ಕಲೆ. ಫಿಲ್ಲಿಂಗ್‌ಗಳನ್ನು ಕಾಲೇಜಿನಲ್ಲೇ ಮಾಡಿಸಿದೆವು. ನರದ ಕೆಲಸಕ್ಕೆ ಅವನು ಅಲ್ಲಿ ಕೂರಲಿಲ್ಲ, ಹಾಗಾಗಿ ಆ ಎರಡು ಹಲ್ಲನ್ನು ಬೇರೊಬ್ಬ ಮಕ್ಕಳ ದಂತ ತಜ್ಞರ ಹತ್ತಿರ, ನಾಲ್ಕು ಭೇಟಿಯಲ್ಲಿ, ಒಟ್ಟು 9,500 ರೂಪಾಯಿಗೆ ಮುಗಿಸಿದೆವು. ಸ್ಟೀಲ್ ಕ್ಯಾಪ್ ಸೇರಿ. ಮಗಳ ಹೊತ್ತಿಗೆ ಬುದ್ಧಿ ಬಂದಿತ್ತು. ಅವಳನ್ನು ಎರಡು ವರ್ಷದವಳಿದ್ದಾಗಿನಿಂದಲೇ ತೋರಿಸುತ್ತಾ ಬಂದೆವು. ಇಲ್ಲಿಯವರೆಗೆ ಒಂದು ಚಿಕ್ಕ ಫಿಲ್ಲಿಂಗ್ ಬಿಟ್ಟು ಬೇರೇನೂ ಆಗಿಲ್ಲ.

"ಎರಡು ಕ್ಲಿನಿಕ್, ಎರಡು ರೇಟು. ಯಾರನ್ನ ನಂಬೋದು?"

ರೇಟಿಗಿಂತ ಮೊದಲು ವಿವರಣೆ ನೋಡಿ. ಒಳ್ಳೆಯ ಡಾಕ್ಟರು ಕನ್ನಡಿಯಲ್ಲೋ ಎಕ್ಸ್‌-ರೇಯಲ್ಲೋ ಹಲ್ಲು ತೋರಿಸಿ, ಯಾವುದು ತುರ್ತು, ಯಾವುದು ಕಾಯಬಹುದು ಅಂತ ಬೇರೆ ಮಾಡಿ ಹೇಳುತ್ತಾರೆ. "ಏನೂ ಮಾಡಿಸದಿದ್ದರೆ ಏನಾಗುತ್ತದೆ?" ಅಂತ ನೇರವಾಗಿ ಕೇಳಿ. ಕೆರಳದೆ ಉತ್ತರ ಕೊಟ್ಟರೆ ಅಲ್ಲಿ ಕೂರಬಹುದು.

ಹಲ್ಲಿನ ಡಾಕ್ಟರ ಮೂಲ ಡಿಗ್ರಿ ಬಿಡಿಎಸ್. ಅದರ ಮೇಲೆ ಮೂರು ವರ್ಷ ಮಕ್ಕಳ ಹಲ್ಲನ್ನೇ ಓದಿದವರು ಎಂಡಿಎಸ್, ಪೀಡೋಡಾಂಟಿಸ್ಟ್. ಎಲ್ಲದಕ್ಕೂ ತಜ್ಞರೇ ಬೇಕಿಲ್ಲ. ಮಾಮೂಲಿ ಫಿಲ್ಲಿಂಗ್‌ಗೆ ತಾಳ್ಮೆಯ ಬಿಡಿಎಸ್ ಡಾಕ್ಟರೇ ಸಾಕು. ಇನ್ನೊಂದು, ಕರ್ನಾಟಕದಲ್ಲಿ 2007ರ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆ ಪ್ರಕಾರ ಪ್ರೈವೇಟ್ ಕ್ಲಿನಿಕ್ ನೋಂದಣಿ ಆಗಿರಬೇಕು, ದರಪಟ್ಟಿ ಕಾಣುವ ಹಾಗೆ ಹಾಕಿರಬೇಕು. ಕೇಳುವುದಕ್ಕೆ ಸಂಕೋಚ ಬೇಡ. ಬಿಲ್ಲೂ ಕೇಳಿ.

"ಹಾಲುಹಲ್ಲಿಗೂ ರೂಟ್ ಕೆನಾಲ್ ಅಂತಾರೆ. ದುಡ್ಡು ಮಾಡೋಕೆ ತಾನೇ?"

ಯಾವಾಗಲೂ ಅಲ್ಲ. ಅದು ನಿಜವಾದ ಚಿಕಿತ್ಸೆಯೇ. ನರದ ಮೇಲ್ಭಾಗ ಮಾತ್ರ ಕೆಟ್ಟಿದ್ದರೆ ಅಷ್ಟನ್ನೇ ತೆಗೆಯುತ್ತಾರೆ. ಪೂರ್ತಿ ಕೆಟ್ಟಿದ್ದರೆ ಬೇರಿನವರೆಗೂ ತೊಳೆದು ಕರಗುವ ಔಷಧಿ ತುಂಬುತ್ತಾರೆ, ಕೆಳಗಿನ ಹಲ್ಲು ಬರುವಾಗ ಅಡ್ಡಿ ಆಗಬಾರದಲ್ಲ. ಆಮೇಲೆ ದವಡೆಹಲ್ಲಿಗೆ ಸ್ಟೀಲ್ ಕ್ಯಾಪ್ ಹಾಕಿಸಿ, ಇಲ್ಲದಿದ್ದರೆ ಒಡೆಯುತ್ತದೆ. ಬಿಳಿ ಕ್ಯಾಪ್‌ಗೆ ಜಾಸ್ತಿ ದುಡ್ಡು, ಹಿಂದಿನ ಹಲ್ಲು ಯಾರಿಗೆ ಕಾಣಬೇಕು? ಹಲ್ಲು ಬೀಳುವಾಗ ಕ್ಯಾಪೂ ಅದರ ಜೊತೆಯೇ ಬೀಳುತ್ತದೆ.

"ಹಲ್ಲು ಕಪ್ಪಗಾಗೋ ಒಂದು ಔಷಧಿ ಹಚ್ತಾರಂತೆ, ಕಡಿಮೆ ಖರ್ಚಂತೆ. ಒಳ್ಳೆಯದಾ?"

ಒಳ್ಳೆಯದು, ಜನರಿಗೆ ಗೊತ್ತಿಲ್ಲದಿರುವುದೇ ಬೇಸರ. ಸಿಲ್ವರ್ ಡಯಮೈನ್ ಫ್ಲೋರೈಡ್ ಅಂತ ಅದರ ಹೆಸರು. ಎಸ್‌ಡಿಎಫ್ ಅನ್ನುತ್ತಾರೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಹುಳುಕಿನ ಮೇಲೆ ಒಂದು ಹನಿ ಹಚ್ಚುತ್ತಾರೆ. ಸೂಜಿ ಇಲ್ಲ, ಡ್ರಿಲ್ ಇಲ್ಲ. ಹುಳುಕು ಅಲ್ಲಿಗೇ ನಿಲ್ಲಬಹುದು. ಹಚ್ಚಿದ ಜಾಗ ಕಪ್ಪಗಾಗುತ್ತದೆ, ಮತ್ತೆ ಬಿಳಿಯಾಗುವುದಿಲ್ಲ. ಹಿಂದಿನ ಹಲ್ಲಿಗೆ ನಾನಾದರೆ ಯೋಚನೆಯೇ ಮಾಡುವುದಿಲ್ಲ. ಆದರೆ ನೋವು, ಕೀವು ಶುರುವಾದ ಹಲ್ಲಿಗೆ ಇದು ಆಗುವುದಿಲ್ಲ. ಡಾಕ್ಟರು ತಾವಾಗಿ ಹೇಳದಿದ್ದರೆ ನೀವೇ ಹೆಸರು ಹಿಡಿದು ಕೇಳಿ.

"ಇಷ್ಟೆಲ್ಲಾ ಯಾಕೆ, ಕೀಳಿಸಿಬಿಟ್ರೆ?"

ಕೆಲವು ಹಲ್ಲನ್ನು ಕೀಳಿಸುವುದೇ ಸರಿ. ಬೇರಿನಲ್ಲಿ ಕೀವು ತುಂಬಿ ಉಳಿಯದ ಹಲ್ಲಿಗೆ ದುಡ್ಡು ಹಾಕಿ ಫಲವಿಲ್ಲ. ಆದರೆ ದವಡೆಹಲ್ಲು ಬೇಗ ಕಿತ್ತರೆ ಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲುತ್ತವೆ. ಆಮೇಲೆ ಬರುವ ಹಲ್ಲು ಸೊಟ್ಟ. ಜಾಗ ಕಾಯುವುದಕ್ಕೆ ಒಂದು ತಂತಿಯ ಸಾಧನ ಹಾಕುತ್ತಾರೆ. ಕೀಳಿಸುವ ಮುಂಚೆಯೇ ಅದು ಬೇಕಾ ಅಂತ ಕೇಳಿ.

## ಸ್ವಲ್ಪ ಕಷ್ಟದ ಪ್ರಶ್ನೆಗಳು

"ಮಗು ಬಾಯೇ ತೆರೆಯಲ್ಲ. ಪ್ರಜ್ಞೆ ತಪ್ಪಿಸಿ ಎಲ್ಲಾ ಹಲ್ಲು ಒಂದೇ ಸಲ ಮಾಡ್ತೀವಿ ಅಂದ್ರು. ಒಪ್ಪಲಾ?"

ಹತ್ತು ಹನ್ನೆರಡು ಹಲ್ಲು ಹಾಳಾದ ಪುಟ್ಟ ಮಗುವಿಗೆ ಕೆಲವೊಮ್ಮೆ ಇದೇ ದಾರಿ. ಆದರೆ ಅದು ಅರಿವಳಿಕೆ ತಜ್ಞರಿರುವ ಆಸ್ಪತ್ರೆಯಲ್ಲಿ ಮಾತ್ರ ಆಗಬೇಕು. ಯಾರು ಅರಿವಳಿಕೆ ಕೊಡುತ್ತಾರೆ, ಎಲ್ಲಿ ಕೊಡುತ್ತಾರೆ, ಎರಡೂ ಸ್ಪಷ್ಟವಾಗಿ ಕೇಳಿ. ಅದಕ್ಕೂ ಮುಂಚೆ ಎರಡನೇ ಅಭಿಪ್ರಾಯ ಪಡೆಯಿರಿ. ಮೈಸೂರಿನ ಜೆಎಸ್‌ಎಸ್ ದಂತ ಕಾಲೇಜು ನಮಗೆ ಬೆಂಗಳೂರಿಗಿಂತ ಹತ್ತಿರ.

"ನಮ್ಮದು ಅರಸೀಕೆರೆ ಕಡೆ. ಮಗನ ಹೊಸ ಹಲ್ಲಿನ ಮೇಲೆಲ್ಲಾ ಕಂದು ಕಲೆ. ಕ್ಯಾಪ್ ಹಾಕಿಸಿ ಅಂತಾರೆ"

ಈಗಲೇ ಹಾಕಿಸಬೇಡಿ. ಅರಸೀಕೆರೆ ಸುತ್ತಮುತ್ತ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರುಗಳಿವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳ್ಳೆಯ ಮಟ್ಟ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚಿನ ನೀರನ್ನು ಹಲ್ಲು ಒಳಗೆ ಬೆಳೆಯುವ ವರ್ಷಗಳಲ್ಲಿ ಕುಡಿದರೆ ಈ ಕಲೆ ಬರುತ್ತದೆ. ಇದು ಹುಳುಕಲ್ಲ. ಚೆಂದಕ್ಕೆ ಏನಾದರೂ ಮಾಡಿಸುವುದಿದ್ದರೆ ಹದಿಹರೆಯದವರೆಗೆ ಕಾಯಬಹುದು. ಈಗ ದುಡ್ಡು ಹೋಗಬೇಕಾದ್ದು ನೀರಿಗೆ. ಚಿಕ್ಕ ಮಕ್ಕಳಿಗೆ ಶುದ್ಧ ನೀರಿನ ಘಟಕದ ನೀರೇ ಕೊಡಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

"ಯಾವಾಗ ದುಡ್ಡಿನ ಲೆಕ್ಕ ಹಾಕದೆ ಓಡಬೇಕು?"

ಮುಖ ಊದಿ ಜ್ವರ ಬಂದರೆ, ಕಣ್ಣು ಮುಚ್ಚಿಕೊಳ್ಳುವಷ್ಟು ಊತ ಬಂದರೆ, ನುಂಗಲು ಆಗದಿದ್ದರೆ ಹಗಲಾಗಲಿ ರಾತ್ರಿಯಾಗಲಿ ಹಿಮ್ಸ್‌ನ ತುರ್ತು ವಿಭಾಗಕ್ಕೆ ಹೋಗಿ. ಮೆಡಿಕಲ್ ಸ್ಟೋರಿನಿಂದ ಆಂಟಿಬಯೋಟಿಕ್ ತಂದು ಕೊಟ್ಟು ಕಾಯಬೇಡಿ.

ಆಟದಲ್ಲಿ ಬಿದ್ದು ಶಾಶ್ವತ ಹಲ್ಲು ಪೂರ್ತಿ ಕಿತ್ತು ಬಂದರೆ, ಬೇರನ್ನು ಮುಟ್ಟದೆ ಹಲ್ಲಿನ ಮೇಲ್ಭಾಗ ಹಿಡಿದು, ಹಾಲಿನಲ್ಲಿ ಹಾಕಿಕೊಂಡು, ಅರ್ಧ ಗಂಟೆಯೊಳಗೆ ಹತ್ತಿರದ ಯಾವ ಹಲ್ಲಿನ ಡಾಕ್ಟರಾದರೂ ಸರಿ, ಅವರ ಹತ್ತಿರ ಹೋಗಿ. ಮತ್ತೆ ಕೂರಿಸಬಹುದು. ಹಾಲುಹಲ್ಲಾದರೆ ಮತ್ತೆ ಕೂರಿಸುವುದಿಲ್ಲ, ಆದರೂ ಒಮ್ಮೆ ತೋರಿಸಿ.

"ಖರ್ಚೇ ಬರದ ಹಾಗೆ ಮನೆಯಲ್ಲಿ ಏನು ಮಾಡೋದು?"

ರಾತ್ರಿ ಮಲಗುವ ಮುಂಚೆ ಬ್ರಷ್ ಮಾಡಿಸಿ. ಬೆಳಿಗ್ಗೆಯದ್ದಕ್ಕಿಂತ ಇದೇ ಮುಖ್ಯ. ಏಳೆಂಟು ವರ್ಷದವರೆಗೆ ನೀವೇ ಮಾಡಿಸಬೇಕು, ಅವರ ಕೈಗೆ ಆ ಹದ ಬಂದಿರುವುದಿಲ್ಲ. ಫ್ಲೋರೈಡ್ ಇರುವ ಪೇಸ್ಟೇ ಇರಲಿ. ಟ್ಯೂಬಿನ ಮೇಲೆ ಫ್ಲೋರೈಡ್ ಎಷ್ಟು ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು) ಅಂತ ಬರೆದಿರುತ್ತದೆ, ನಮ್ಮಲ್ಲಿ ಹೆಚ್ಚೆಂದರೆ 1000. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ನುಂಗದಂತೆ ನೋಡಿಕೊಳ್ಳಿ.

ಬಾಟಲಿಯಲ್ಲಿ ಸಕ್ಕರೆ ಹಾಲು ಬಾಯಲ್ಲಿಟ್ಟುಕೊಂಡೇ ಮಲಗಿಸುವುದನ್ನು ಬಿಡಿಸಿ. ಬೆಲ್ಲವೂ ಹಲ್ಲಿಗೆ ಸಕ್ಕರೆಯೇ. ಕಾಫಿಯಲ್ಲಿ ಅದ್ದಿದ ಬಿಸ್ಕತ್ತು ನಮ್ಮ ಕಡೆ ಮನೆಮನೆಯ ಅಭ್ಯಾಸ, ದಿನಕ್ಕೆ ನಾಲ್ಕು ಸಲ ಕೊಡುವ ಬದಲು ಒಂದೇ ಸಲ ಕೊಡಿ. ನಮ್ಮ ತರಗತಿಯಲ್ಲಿ ಕ್ಷೀರಭಾಗ್ಯದ ಹಾಲು ಕುಡಿದ ಮೇಲೆ ಎಲ್ಲರೂ ಸಾಲಾಗಿ ನಿಂತು ಬಾಯಿ ಮುಕ್ಕಳಿಸುತ್ತೇವೆ. ಮಕ್ಕಳಿಗೆ ಅದೇ ಒಂದು ಆಟ.

"ತಡ ಆಗೋಗಿದೆ ಮಿಸ್. ಐದು ಹಲ್ಲು ಹಾಳು, ಕೈಯಲ್ಲಿ ಎರಡೇ ಸಾವಿರ ಇದೆ. ಎಲ್ಲಿಂದ ಶುರು ಮಾಡ್ಲಿ?"

ಎರಡು ಸಾವಿರ ಹಾಗೇ ಇರಲಿ. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲೋ ಕಾಲೇಜಿನಲ್ಲೋ ತೋರಿಸಿ, ಐದೂ ಹಲ್ಲಿಗೆ ಏನೇನು ಬೇಕು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಕೀವಿರುವ ಹಲ್ಲು ಮೊದಲು, ಉಳಿಯದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲೇ ಕೀಳಿಸಿ. ಆಮೇಲೆ ಶಾಶ್ವತ ದವಡೆಹಲ್ಲು ಹುಳುಕಾಗಿದ್ದರೆ ಅದು. ಆಮೇಲೆ ಹಾಲು ದವಡೆಹಲ್ಲಿಗೆ ಫಿಲ್ಲಿಂಗ್ ಅಥವಾ ಎಸ್‌ಡಿಎಫ್. ಮುಂದಿನ ಹಾಲುಹಲ್ಲು ನೋವಿಲ್ಲದಿದ್ದರೆ ಕೊನೆಗೆ. ಎರಡು ಸಾವಿರ ಬೇಕಾಗುವುದು ಈ ಪಟ್ಟಿಯಲ್ಲಿ ಸರ್ಕಾರಿಯಲ್ಲೂ ಕಾಲೇಜಿನಲ್ಲೂ ಆಗದ ಒಂದು ಹಲ್ಲಿಗೆ.

ಚೀಟಿ ಓದಲು ಆಗದಿದ್ದರೆ ಮಗುವಿನ ಕೈಲಿ ಶಾಲೆಗೆ ಕಳಿಸಿ, ನಾನು ಓದಿ ಹೇಳುತ್ತೇನೆ.